ನಲವತ್ತೈದರ ಒಳಗೆ

ಸುಳ್ಳು ಅಂಕಿಯನ್ನು ಅಹಲ್ಯಾ ಮೂಗಿನಿಂದಲೇ ಹಿಡಿಯುತ್ತಾರೆ ಎಂದು ಇಲಾಖೆಯಲ್ಲಿ ಹೇಳುತ್ತಿದ್ದರು. ಹೇಳುವವರ ದನಿಯಲ್ಲಿ ಮೆಚ್ಚುಗೆಗಿಂತ ಭಯವೇ ಹೆಚ್ಚಿರುತ್ತಿತ್ತು.

ಆ ಭಯ ಹುಟ್ಟಿದ್ದು ಮಿನಿಕಾಯ್ ದ್ವೀಪದಲ್ಲಿ. ಆಗ ಅಹಲ್ಯಾಗೆ ಇಪ್ಪತ್ನಾಲ್ಕು ವರ್ಷ. ರಾಯಚೂರಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದು, ಬಿಎಸ್ಸಿ ಮುಗಿಸಿ, ಹವಾಮಾನ ವೀಕ್ಷಕಿಯಾಗಿ ಸರಕಾರಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ದ್ವೀಪದ ಕೇಂದ್ರದಲ್ಲಿ ಅವರಿಗಿಂತ ಹಿರಿಯರಾಗಿದ್ದವರು ಸದಾಶಿವನ್ ಎಂಬ ವೀಕ್ಷಕರು, ಮೂರು ಮಕ್ಕಳ ತಂದೆ. ಬೆಳಗಿನ ಐದೂವರೆಯ ಅಂಕಿಗಳನ್ನು ಓದುವುದು ಅವರ ಪಾಳಿ. ಪುಸ್ತಕದಲ್ಲಿ ಒಂದು ದಿನವೂ ತಪ್ಪದೆ ಅಂಕಿಗಳಿದ್ದವು. ಆದರೆ ನಲವತ್ತು ದಿನಗಳ ಕಾಲಮ್ಮನ್ನು ಮೇಲಿನಿಂದ ಕೆಳಕ್ಕೆ ಓದಿದಾಗ ಅಹಲ್ಯಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ದಶಾಂಶದ ಮುಂದೆ ಎರಡು, ನಾಲ್ಕು, ಆರು ಬಿಟ್ಟರೆ ಬೇರೆ ಅಂಕಿಯೇ ಇಲ್ಲ. ಮನುಷ್ಯ ಹಾಸಿಗೆಯಲ್ಲೇ ಮಲಗಿ ಊಹಿಸಿದ ಅಂಕಿಗಳು ಹಾಗಿರುತ್ತವೆ. ಅಹಲ್ಯಾ ಮೇಲಧಿಕಾರಿಗಳಿಗೆ ನಾಲ್ಕು ಪುಟದ ಪತ್ರ ಬರೆದರು. ಪ್ರತಿ ದಿನಾಂಕದ ಮುಂದೆ ಸದಾಶಿವನ್ ಹೆಸರು ಬರೆದರು. ಮೂರು ತಿಂಗಳಲ್ಲಿ ಆತನ ಕೆಲಸ ಹೋಯಿತು. ಕೊಚ್ಚಿಯ ಹಡಗು ಹತ್ತುವ ದಿನ ಆತನ ಹೆಂಡತಿ ಕೊನೆಯ ಮಗುವನ್ನು ಎತ್ತಿಕೊಂಡು ಅಹಲ್ಯಾ ಎದುರಿಗೇ ಹಾದುಹೋದಳು, ಕತ್ತು ತಿರುಗಿಸಲಿಲ್ಲ. ಅಹಲ್ಯಾಗೆ ಬೇಸರವಾಯಿತು, ಪಶ್ಚಾತ್ತಾಪವಾಗಲಿಲ್ಲ. ಅಂಕಿ ಎಂದಮೇಲೆ ಅದನ್ನು ಓದಿದವರ ಹೆಸರು ಪಕ್ಕದಲ್ಲಿರಬೇಕು. ಅದು ಅವರು ಇಟ್ಟುಕೊಂಡ ನಿಯಮ.

ಆ ನಿಯಮ ಹಿಡಿದುಕೊಂಡೇ ಅವರು ಜಗತ್ತು ಸುತ್ತಿದರು. ಜೈಸಲ್ಮೇರ್, ಶಿಲ್ಲಾಂಗ್, ಲೇಹ್. ಅಂಟಾರ್ಕ್ಟಿಕಾದಲ್ಲಿ ಒಂದು ಬೇಸಿಗೆ, ನಾಲ್ಕು ತಿಂಗಳು ಕತ್ತಲೆಯೇ ಕಾಣದೆ. ನೈಜರ್‌ನ ಮರಳುಗಾಡಿನಲ್ಲಿ, ಮಲಾವಿಯ ಕೆರೆದಂಡೆಯಲ್ಲಿ, ಫಿಜಿಯ ಕಬ್ಬಿನ ಗದ್ದೆಗಳ ನಡುವೆ ಹವಾಮಾನ ಕೇಂದ್ರಗಳನ್ನು ನಿಲ್ಲಿಸಿ, ಅಲ್ಲಿಯ ಹುಡುಗಿಯರಿಗೆ ಅಂಕಿ ಓದುವುದನ್ನು ಕಲಿಸಿ ಬಂದರು. ನಡುವೆ ಪಿಎಚ್‌ಡಿಯೂ ಆಯಿತು. ತಾಪಮಾನ ಅಳೆಯುವ ಯಂತ್ರ ಎಲ್ಲಿರಬೇಕು, ನೆಲದಿಂದ ಎಷ್ಟು ಎತ್ತರ, ಗೋಡೆಯಿಂದ ಎಷ್ಟು ದೂರ, ಅದರ ಕೆಳಗೆ ಏನಿರಬೇಕು ಎಂದು ತೀರ್ಮಾನಿಸುವ ಜಿನೀವಾದ ಸಮಿತಿಯೊಂದರಲ್ಲಿ ಎರಡು ಚಳಿಗಾಲ ಕೂತರು. ಗಂಡ ಅನಂತಮೂರ್ತಿ ದೆಹಲಿಯ ಮಂತ್ರಾಲಯವೊಂದರಲ್ಲಿ ಸೆಕ್ಷನ್ ಆಫೀಸರ್. ಆತ ಮೂವತ್ತು ವರ್ಷ ಒಂದೇ ಕಟ್ಟಡದ ಎರಡನೇ ಮಹಡಿಯಿಂದ ನಾಲ್ಕನೇ ಮಹಡಿಗೆ ಪ್ರಯಾಣ ಮಾಡಿದರು. "ನಮ್ಮನೆಯಲ್ಲಿ ಪ್ರವಾಸ ಎಲ್ಲ ಇವಳ ಖಾತೆ, ಟಿಫಿನ್ ಡಬ್ಬಿ ನನ್ನದು" ಎಂದು ಕನ್ನಡ ಸಂಘದಲ್ಲಿ ನಗಿಸುತ್ತಿದ್ದರು.

ಅರವತ್ತಕ್ಕೆ ನಿವೃತ್ತರಾದ ಮೇಲೆ ಅಹಲ್ಯಾಗೆ ನೋಯ್ಡಾದ ಫ್ಲ್ಯಾಟಿನಲ್ಲಿ ಕೂರಲಾಗಲಿಲ್ಲ. ಅನಂತಮೂರ್ತಿಯ ಹಳೆಯ ಸಹೋದ್ಯೋಗಿಯೊಬ್ಬರ ಮಗ ಆದರ್ಶ್ ಅಲ್ಲೇ ಹತ್ತಿರದಲ್ಲಿ 'ಮೇಘಸೂಚಿ' ಎಂಬ ಕಂಪನಿ ನಡೆಸುತ್ತಿದ್ದ. ಕಾರ್ಖಾನೆ, ವಿಮೆ, ಕಟ್ಟಡ ಕಂಪನಿಗಳಿಗೆ ಹವಾಮಾನದ ಮಾಹಿತಿ ಕೊಡುವ ಕೆಲಸ. ಅವನು ದೆಹಲಿಯಲ್ಲೇ ಹುಟ್ಟಿ ಬೆಳೆದವನು. "ಆಂಟಿ, ನಿಮ್ಮ ಸಿಗ್ನೇಚರ್ ಇದ್ರೆ ಬಸ್, ಬೇರೆ ಕುಛ್ ನಹೀ ಚಾಹಿಯೇ" ಎಂದು ಮನೆಗೇ ಬಂದು ಕರೆದ. ಅಹಲ್ಯಾ ಒಪ್ಪಿದರು.

ದೆಹಲಿ ಪಕ್ಕದ ಮಾನೇಸರ್‌ನ ಎರಕದ ಕಾರ್ಖಾನೆಯ ಕೆಲಸ ಬಂದದ್ದು ೨೦೨೪ರ ಮೇ ತಿಂಗಳಲ್ಲಿ. ಲಾರಿಗಳ ಬ್ರೇಕ್ ಡ್ರಮ್ ಎರಕ ಹೊಯ್ಯುವ ಕಾರ್ಖಾನೆ ಅದು. ಎರಡು ವರ್ಷದ ಹಿಂದೆ ಬಿಸಿಲಿಗೆ ಇಬ್ಬರು ಕುಸಿದುಬಿದ್ದು, ಕೆಲಸಗಾರರು ಹನ್ನೊಂದು ದಿನ ಮುಷ್ಕರ ಹೂಡಿ, ಕೊನೆಗೆ ಒಂದು ಒಪ್ಪಂದವಾಗಿತ್ತು. ಕಾರ್ಖಾನೆಯ ಆವರಣದಲ್ಲಿರುವ ಹವಾಮಾನ ಯಂತ್ರ ನಲವತ್ತೈದು ಡಿಗ್ರಿ ಮುಟ್ಟಿದ ದಿನ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಬಯಲಿನ ಕೆಲಸ ನಿಲ್ಲಬೇಕು, ಸಂಬಳ ಕಡಿಯಬಾರದು. ಆ ವರ್ಷ ಮೇ ಅರ್ಧ ಕಳೆಯುವಷ್ಟರಲ್ಲಿ ಯಂತ್ರ ಒಂಬತ್ತು ದಿನ ನಲವತ್ತೈದು ಮುಟ್ಟಿತು. ಯಂತ್ರವೇ ಸರಿಯಿಲ್ಲವೇನೋ ಎಂದು ಆಡಳಿತಕ್ಕೆ ಅನುಮಾನ.

ಗೇಟಿನಲ್ಲಿ ಅಹಲ್ಯಾರನ್ನು ಎದುರುಗೊಂಡವನು ಸಿಬ್ಬಂದಿ ವಿಭಾಗದ ಮುಖ್ಯಸ್ಥ ಮಹಂತೇಶ್. ಹುಬ್ಬಳ್ಳಿಯವನು, ನಲವತ್ತೈದರ ಆಸುಪಾಸು, ದುಂಡು ಮುಖ. ಮನೆಯಿಂದ ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ತರಿಸಿದ್ದ.

"ಬರ್ರಿ ಅಕ್ಕಾರ. ರಾಯಚೂರವರು ಅಂತ ಆದರ್ಶ್ ಹೇಳಿದ. ಈ ಊರಲ್ಲಿ ನಮ್ಮ ಕಡೆ ಮಾತು ಕೇಳಿ ಎಷ್ಟು ದಿನ ಆಗಿತ್ತು" ಎಂದು ಬಗ್ಗಿ ಕಾಲು ಮುಟ್ಟಿದ. "ನನಗೆ ನಿಮ್ಮಿಂದ ಏನೂ ಫೇವರ್ ಬೇಡ. ರೂಲ್ ಬುಕ್ ಏನು ಹೇಳುತ್ತೋ ಅಷ್ಟೇ ಬರೀರಿ."

ಈ ಮಾತು ಅಹಲ್ಯಾಗೆ ಹಿಡಿಸಿತು.

ಯಂತ್ರವಿದ್ದದ್ದು ಕ್ಯಾಂಟೀನಿನ ತಾರಸಿಯ ಮೇಲೆ. ಅವರ ಉಪಕರಣದ ಪೆಟ್ಟಿಗೆಯನ್ನು ಹೊತ್ತು ಏಣಿ ಹತ್ತಿದವನು ಲಲ್ಲನ್ ಮಾಂಝಿ ಎಂಬ ಲೋಡರ್. ಗಯಾ ಕಡೆಯವನು, ನಲವತ್ತೊಂದು ವರ್ಷ, ತಲೆಗೆ ಸುತ್ತಿದ ಒದ್ದೆ ಗಮ್ಛಾ. ಅಹಲ್ಯಾ ಯಂತ್ರವಿದ್ದ ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದಾಗ ಅವನು ಇಣುಕಿದ.

"ಮೇಡಂ ಜೀ, ನಾವು ದಿನಾ ಕೆಳಗಿನಿಂದ ಇದನ್ನ ನೋಡ್ತೀವಿ. ಒಳಗೆ ಏನಿದೆ?"

ಕಲಿಸುವುದೆಂದರೆ ಅಹಲ್ಯಾಗೆ ಆಯಾಸವೇ ತಿಳಿಯುತ್ತಿರಲಿಲ್ಲ. ಅಡ್ಡಪಟ್ಟಿಗಳ ನಡುವೆ ಗಾಳಿ ಹೇಗೆ ಹಾಯುತ್ತದೆ, ಬಿಸಿಲು ನೇರವಾಗಿ ಬೀಳದಂತೆ ಹೇಗೆ ತಡೆದಿದ್ದಾರೆ ಎಂದು ಹಿಂದಿಯಲ್ಲಿ ವಿವರಿಸಿದರು. "ಇದು ಬಿಸಿಲನ್ನ ಅಳೆಯೋದಿಲ್ಲ ಭಯ್ಯಾ. ನೆರಳಿನಲ್ಲಿರೋ ಗಾಳಿಯನ್ನ ಅಳೆಯುತ್ತೆ."

"ನಾವು ನೆರಳಲ್ಲಿ ಕೆಲಸ ಮಾಡೋದಿಲ್ಲವಲ್ಲ ಮೇಡಂ ಜೀ."

ಅಹಲ್ಯಾ ನಕ್ಕರು. "ಪ್ರಪಂಚದಲ್ಲೆಲ್ಲ ಹೀಗೇ ಅಳೆಯೋದು. ಇಲ್ಲದಿದ್ದರೆ ಒಂದೂರಿನ ಅಂಕಿಯನ್ನ ಇನ್ನೊಂದೂರಿನ ಜತೆ ಹೋಲಿಸೋಕೆ ಆಗಲ್ಲ."

ತಮ್ಮ ಉಪಕರಣದಿಂದ ಅವರು ಅಳೆದರು. ತಾರಸಿಯ ಮೇಲೆ ನಲವತ್ತೈದು ಪಾಯಿಂಟ್ ಎಂಟು. ಅದೇ ಹೊತ್ತಿಗೆ ಅತಿಥಿಗೃಹದ ಮುಂದಿನ ಹುಲ್ಲುಹಾಸಿನ ಮೇಲೆ ನಲವತ್ಮೂರು ಪಾಯಿಂಟ್ ಆರು. ಎರಡು ಡಿಗ್ರಿಗೂ ಹೆಚ್ಚು ವ್ಯತ್ಯಾಸ. ಕಾದ ಸಿಮೆಂಟು, ಪಕ್ಕದ ಗೋಡೆ, ಅಡಿಗೆಮನೆಯ ಹೊಗೆ ಕೊಳವೆ, ಒಂದೂ ನಿಯಮಕ್ಕೆ ಸರಿಯಿರಲಿಲ್ಲ. ಕೆಳಗೆ ನಿಂತಿದ್ದ ಯೂನಿಯನ್ನಿನ ಇಬ್ಬರು ಕೇಳಿದರು: ಸಿಮೆಂಟಿನ ಮೇಲೇ ಅಲ್ಲವೇ ನಾವು ಡ್ರಮ್ ಎತ್ತುವುದು? ಹುಲ್ಲಿನ ಮೇಲಿನ ಗಾಳಿಯಿಂದ ನಮಗೇನು? ಅಹಲ್ಯಾ ಶಾಂತವಾಗಿಯೇ ಉತ್ತರಿಸಿದರು. ಗಾಳಿಯ ತಾಪವೆಂದರೆ ಗಾಳಿಯದು. ಸಿಮೆಂಟಿನ ತಾಪ ಬೇರೆ ವಿಷಯ. ಒಪ್ಪಂದದಲ್ಲಿ ಬರೆದಿರುವುದು ಗಾಳಿಯ ತಾಪ. ಬೇರೆ ಬೇಕಿದ್ದರೆ ಒಪ್ಪಂದ ಬದಲಿಸಿಕೊಳ್ಳಿ. ಅವರಿಬ್ಬರೂ ಹೊರಟುಹೋದರು.

ಹೊರಡುವಾಗ ಲಲ್ಲನ್ ಅವರ ಕಾರ್ಡ್ ಕೇಳಿ ಪಡೆದು ಅಂಗಿಯ ಜೇಬಿನಲ್ಲಿಟ್ಟುಕೊಂಡ. "ಏನಾದ್ರೂ ಡೌಟ್ ಬಂದ್ರೆ ಫೋನ್ ಮಾಡಿ" ಎಂದರು ಅಹಲ್ಯಾ.

ವರದಿ ಮೂರು ಪುಟ. ಹಳೆಯ ಜಾಗ ನಿಯಮಕ್ಕೆ ವಿರುದ್ಧ. ಹುಲ್ಲುಹಾಸಿನ ಜಾಗ ಮೊದಲ ದರ್ಜೆ. ಕೆಳಗೆ ಸಹಿ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಯಂತ್ರ ಹುಲ್ಲುಹಾಸಿಗೆ ಇಳಿಯಿತು. ಮೇ ಕೊನೆಯ ವಾರ ದೆಹಲಿಯ ಸುತ್ತ ಹಕ್ಕಿಗಳು ಸತ್ತು ಬೀಳುತ್ತಿದ್ದ ದಿನಗಳಲ್ಲೂ ಕಾರ್ಖಾನೆಯ ಯಂತ್ರ ನಲವತ್ನಾಲ್ಕು ಪಾಯಿಂಟ್ ಏಳು ದಾಟಲಿಲ್ಲ. ಒಂದು ದಿನವೂ ಕೆಲಸ ನಿಲ್ಲಲಿಲ್ಲ.

ಜೂನ್ ಒಂಬತ್ತನೇ ತಾರೀಖು ಮಧ್ಯಾಹ್ನ ಲಲ್ಲನ್ ಫೋನ್ ಮಾಡಿದ. ಗೇಟಿನ ಹೊರಗಿನ ಚಹಾ ಅಂಗಡಿಯಿಂದ ಮಾತಾಡುತ್ತಿದ್ದ. ಒಳಗೆ ಫೋನ್ ಒಯ್ಯುವಂತಿಲ್ಲ.

"ಮೇಡಂ ಜೀ, ನೆನಪಿದೆಯಾ, ಪೆಟ್ಟಿಗೆ ಹೊತ್ತವನು. ಒಂದು ಮಾತು ಕೇಳಬೇಕಿತ್ತು. ಆ ಬಿಳಿ ಪೆಟ್ಟಿಗೆ ಸುತ್ತ ನೀರು ಬಿಡಬಹುದಾ?"

"ಯಾವ ನೀರು?"

"ಹುಲ್ಲಿಗೆ ನೀರು ಚಿಮ್ಮಿಸೋ ಫವ್ವಾರಾ ಹಾಕಿದ್ದಾರೆ. ಬೆಳಿಗ್ಗೆ ಹನ್ನೊಂದಕ್ಕೆ ಶುರು ಮಾಡಿದರೆ ಮೂರೂವರೆವರೆಗೂ. ಆರು ದಿನ ಆಯ್ತು, ನಾನು ದಿನಾ ನೋಡ್ತಿದ್ದೀನಿ. ನಮಗೆ ಕುಡಿಯೋ ನೀರಿನ ಟ್ಯಾಂಕರ್ ಒಂದು ಗಂಟೆಗೆ ಮುಗಿಯುತ್ತೆ."

ಅಹಲ್ಯಾ ಕಂಪ್ಯೂಟರಿನಲ್ಲಿ ಆ ಯಂತ್ರದ ದಾಖಲೆ ತೆರೆದರು. ಹನ್ನೊಂದು ಹತ್ತಕ್ಕೆ ಗಾಳಿಯ ತೇವಾಂಶ ಮೆಟ್ಟಿಲಿನಂತೆ ನೇರ ಮೇಲೇರಿತ್ತು. ಮೂರೂ ಮುಕ್ಕಾಲಿಗೆ ಇಳಿದಿತ್ತು. ಆರು ದಿನವೂ ಅದೇ ಮೆಟ್ಟಿಲು. ಲೂ ಎಂಬ ಬಿಸಿಗಾಳಿ ಬೀಸುವ ಜೂನ್ ಮಧ್ಯಾಹ್ನದಲ್ಲಿ ಅಂಥದ್ದು ತಾನಾಗಿ ಆಗುವುದಿಲ್ಲ. ನೋಡುತ್ತ ನೋಡುತ್ತ ಅವರ ಕಿವಿ ಬಿಸಿಯಾಯಿತು. ತಮ್ಮ ಸಹಿಯ ಮೇಲೆ ಯಾರೋ ನೀರು ಬಿಡುತ್ತಿದ್ದರು.

ಆದರ್ಶ್‌ಗೆ ತೋರಿಸಿದರು. ಅವನು ಕುರ್ಚಿ ತಿರುಗಿಸಿ ನೋಡಿ, "ಹುಲ್ಲಿಗೆ ಪಾನಿ ತೋ ದೇನಾ ಪಡೇಗಾ ನಾ ಆಂಟಿ? ಇಲ್ಲಾಂದ್ರೆ ಸತ್ತೋಗುತ್ತೆ. ಬಿಟ್ಬಿಡಿ" ಎಂದ.

ಅಹಲ್ಯಾ ಬಿಡಲಿಲ್ಲ. ಅಂದೇ ಸಂಜೆ ಮಹಂತೇಶ್‌ಗೆ ಇಮೇಲ್ ಬರೆದರು. ನೀರು ಬಿಡುವುದರಿಂದ ಅಂಕಿಗಳು ಕೆಟ್ಟಿವೆ, ಕೂಡಲೇ ನಿಲ್ಲಿಸಬೇಕು. ತೇವಾಂಶದ ನಕ್ಷೆಯನ್ನು ಲಗತ್ತಿಸಿದರು. ನಲವತ್ತು ವರ್ಷದ ಕೈ. ವೀಕ್ಷಣೆ ಎಂದು ಬರೆದ ಮೇಲೆ ವೀಕ್ಷಕರ ಹೆಸರಿಲ್ಲದೆ ಅದು ನಿಲ್ಲಲಿಲ್ಲ. ಕೊನೆಯ ಸಾಲಿನಲ್ಲಿ ಬರೆದರು: "ಪ್ರತ್ಯಕ್ಷ ವೀಕ್ಷಣೆ: ಲಲ್ಲನ್ ಮಾಂಝಿ, ಲೋಡರ್, ಜೂನ್ ನಾಲ್ಕರಿಂದ ಒಂಬತ್ತರವರೆಗೆ."

ಮರುದಿನ ಬೆಳಿಗ್ಗೆಯೇ ಮಹಂತೇಶ್ ಫೋನ್ ಮಾಡಿದ.

"ಛೇ ಛೇ, ಅಕ್ಕಾರ, ಮಾಲಿ ತಿಳೀದೆ ಮಾಡಿದ್ದಾನೆ. ನಾನು ನೋಡ್ಕೋತೀನಿ. ನಿಮ್ಮ ಮಂಡಿನೋವು ಹೇಗಿದೆ? ಏಣಿ ಹತ್ತಿಸಿದ್ದಕ್ಕೆ ಮನೆಯವಳು ನನ್ನನ್ನ ಬೈದಳು." ಆಮೇಲೆ ಸೇರಿಸಿದ: "ಯಾರು ನೋಡಿದ್ದು ಅಂತ ಹೆಸರು ಸಮೇತ ಬರೆದಿದ್ದೀರಿ, ಒಳ್ಳೇದೇ ಆಯ್ತು. ಇಲ್ಲಾಂದ್ರೆ ನಾನು ಯಾರನ್ನ ಅಂತ ಕೇಳಲಿ?"

"ಅವರನ್ನೇ ಕೇಳಿ. ಸರಿಯಾಗಿ ಗಮನಿಸಿದ್ದಾರೆ" ಎಂದರು ಅಹಲ್ಯಾ.

ಎರಡು ದಿನ ತೇವಾಂಶದ ಮೆಟ್ಟಿಲು ಕಾಣಲಿಲ್ಲ. ಮೂರನೆಯ ದಿನ ಮತ್ತೆ ಬಂತು. ಅವತ್ತೇ ಲಲ್ಲನ್‌ನ ಎರಡನೆಯ ಫೋನ್ ಬಂತು.

"ಮೇಡಂ ಜೀ, ನೀವು ನನ್ನ ಹೆಸರು ಹೇಳಿದ್ರಾ?"

"ಬರೆದೆ. ನೋಡಿದವರು ನೀವೇ ಅಲ್ಲವೇ?"

"ಠೀಕ್ ಹೈ" ಎಂದ ಅವನು. "ನನ್ನನ್ನ ಶೆಡ್ಡಿನ ಕಡೆಯಿಂದ ತೆಗೆದು ಹಿಂದಿನ ಯಾರ್ಡಿಗೆ ಹಾಕಿದ್ದಾರೆ. ಹನ್ನೆರಡರಿಂದ ನಾಲ್ಕು, ಒಬ್ಬನೇ. ರಿಜೆಕ್ಟ್ ಆದ ಡ್ರಮ್ ಎಲ್ಲ ಎಣಿಸಿ ಜೋಡಿಸಬೇಕಂತೆ. ಜೋಡಿಸಿದ್ದನ್ನ ಮಾರನೇ ದಿನ ಕೆಡವಿ ಇನ್ನೊಂದು ಕಡೆ ಜೋಡಿಸು ಅಂತಾರೆ. ಅಲ್ಲಿ ಮರ ಇಲ್ಲ ಮೇಡಂ ಜೀ. ಇವತ್ತು ಎಷ್ಟಿದೆ?"

ಅಹಲ್ಯಾ ಪರದೆ ನೋಡಿದರು. "ನಲವತ್ನಾಲ್ಕು ಪಾಯಿಂಟ್ ಒಂದು."

"ಅಚ್ಛಾ. ಅಂದ್ರೆ ಕಡಿಮೆಯೇ."

ಅವರು ಮಹಂತೇಶ್‌ಗೆ ಫೋನ್ ಮಾಡಿ ಏರುದನಿಯಲ್ಲೇ ಕೇಳಿದರು. ಅವನು ದನಿ ಏರಿಸಲಿಲ್ಲ. ಯಾರನ್ನು ಎಲ್ಲಿ ಹಾಕಬೇಕೆನ್ನುವುದು ಉತ್ಪಾದನಾ ವಿಭಾಗದ ತೀರ್ಮಾನ, ತನಗೂ ಗೊತ್ತಿರಲಿಲ್ಲ, ಸೋಮವಾರ ವಿಚಾರಿಸುತ್ತೇನೆ ಎಂದ. ಅಹಲ್ಯಾ ಸೋಮವಾರಕ್ಕೆ ಕಾದರು. ಶನಿವಾರ ಹೌಜ್ ಖಾಸ್‌ನಲ್ಲಿ ವಿದ್ಯಾರ್ಥಿಗಳಿಗೆ ಅವರ ಉಪನ್ಯಾಸವೂ ಇತ್ತು: ಹವಾಮಾನ ಕೇಂದ್ರಕ್ಕೆ ಜಾಗ ಆರಿಸುವುದು ಹೇಗೆ. ಹೋಗಿ ಅದನ್ನು ಚೆನ್ನಾಗಿಯೇ ಕೊಟ್ಟರು. ಮಾನೇಸರ್‌ನ ಹುಲ್ಲುಹಾಸಿನ ಚಿತ್ರವೂ ಅದರಲ್ಲಿತ್ತು, ಒಳ್ಳೆಯ ಜಾಗದ ಉದಾಹರಣೆಯಾಗಿ ಹಿಂದೆಯೇ ಸೇರಿಸಿದ್ದರು. ತೆಗೆಯುವುದು ನೆನಪಾಗಿರಲಿಲ್ಲ.

ಸೋಮವಾರ, ಜೂನ್ ಹದಿನೇಳು, ಮಧ್ಯಾಹ್ನ ಮೂರೂಕಾಲರ ಸುಮಾರಿಗೆ ಲಲ್ಲನ್ ಹಿಂದಿನ ಯಾರ್ಡಿನಲ್ಲಿ ಬಿದ್ದ. ಒಬ್ಬನೇ ಇದ್ದುದರಿಂದ ಬಿದ್ದದ್ದು ಯಾರಿಗೂ ತಿಳಿಯಲಿಲ್ಲ. ನಾಲ್ಕಕ್ಕೆ ಲಾರಿ ಹಿಂದಕ್ಕೆ ತೆಗೆಯಲು ಬಂದ ಡ್ರೈವರ್ ನೋಡಿದ. ಎತ್ತಿದವರಿಗೆ ಅವನ ಬೆನ್ನಿನ ಚರ್ಮ ಅಂಗಿಗೆ ಅಂಟಿಕೊಂಡು ಬಂತು; ಮುಕ್ಕಾಲು ಗಂಟೆ ಕಾದ ಸಿಮೆಂಟಿನ ಮೇಲೆ ಬಿದ್ದಿದ್ದ ಮೈ. ಆಸ್ಪತ್ರೆ ಮುಟ್ಟುವ ಮುಂಚೆಯೇ ಉಸಿರು ನಿಂತಿತ್ತು. ಹೃದಯಾಘಾತ ಎಂದು ಕಾರ್ಖಾನೆಯ ಡಾಕ್ಟರು ಬರೆದರು. ಆ ದಿನ ಯಂತ್ರ ತೋರಿಸಿದ ಗರಿಷ್ಠ ತಾಪ ನಲವತ್ನಾಲ್ಕು ಪಾಯಿಂಟ್ ಎರಡು.

ಅಹಲ್ಯಾಗೆ ಸುದ್ದಿ ಕೊಟ್ಟವಳು ಅವನ ಹೆಂಡತಿ ಫೂಲ್‌ಮತಿ. ಗಂಡನ ಫೋನಿನಲ್ಲಿದ್ದ 'ದಿಲ್ಲಿ ಮೇಡಂ' ಎಂಬ ನಂಬರಿಗೆ ಮೂರು ದಿನದ ನಂತರ ಕರೆ ಮಾಡಿದಳು. ಅಳುತ್ತಿರಲಿಲ್ಲ. "ಅವರು ಹೇಳ್ತಿದ್ರು, ಈ ಮೇಡಂ ಫೋನ್ ಎತ್ತುತ್ತಾರೆ ಅಂತ. ಅದಕ್ಕೇ ಮಾಡಿದೆ. ಈಗ ನಾನು ಏನು ಮಾಡಲಿ?"

ಅಹಲ್ಯಾ ಊಟದ ಮೇಜಿನ ಮುಂದೆ ಕೂತು ಗಂಡನಿಗೆ ಎಲ್ಲವನ್ನೂ ಹೇಳಿದರು. ಅನಂತಮೂರ್ತಿ ಇಮೇಲನ್ನು ಎರಡು ಸಲ ಓದಿ, ಕನ್ನಡಕ ತೆಗೆದರು.

"ಹೆಸರು ಬರೀಬಾರದಿತ್ತು ಕಣೇ. ನಮ್ಮಲ್ಲಿ ಗುಮಾಸ್ತನಿಗೂ ಗೊತ್ತು ಇದು. 'ವಿಶ್ವಸನೀಯ ಮೂಲಗಳಿಂದ ತಿಳಿದುಬಂದಂತೆ' ಅಂತ ಒಂದು ಸಾಲು. ಅಷ್ಟು ಬರೆದಿದ್ರೆ ಅವನು ಇವತ್ತು ಶೆಡ್ಡಿನ ನೆರಳಲ್ಲಿ ಇರ್ತಿದ್ದ."

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಆದರೆ ಹೇಳಿ ಮುಗಿಸಿ ಆತ ಸಾರಿನ ಪಾತ್ರೆಗೆ ಕೈಹಾಕಿದರು, ಅನ್ನ ಕಲೆಸಿದರು, ಉಪ್ಪು ಕಡಿಮೆಯಾಗಿದೆ ಎಂದರು. ಅಹಲ್ಯಾ ಎದ್ದು ಉಪ್ಪು ತಂದಿಟ್ಟರು.

ಯೂನಿಯನ್ ಗಲಾಟೆ ಮಾಡಿದ್ದರಿಂದ ಕಾರ್ಖಾನೆಯೇ ಒಂದು ವಿಚಾರಣಾ ಸಮಿತಿ ನೇಮಿಸಿತು. ನಿವೃತ್ತ ನ್ಯಾಯಾಧೀಶರೊಬ್ಬರು, ಒಬ್ಬ ಡಾಕ್ಟರು, ಕಂಪನಿಯ ವಕೀಲ. ಒಪ್ಪಂದದ ಪ್ರಕಾರ ಪ್ರಶ್ನೆ ಒಂದೇ. ಜೂನ್ ಹದಿನೇಳರಂದು ಆವರಣದ ತಾಪ ನಲವತ್ತೈದು ಮುಟ್ಟಿತ್ತೇ? ಮುಟ್ಟಿದ್ದರೆ ಕೆಲಸ ನಿಲ್ಲಿಸದ ತಪ್ಪು ಆಡಳಿತದ್ದು, ಪರಿಹಾರವೂ ಅದೇ ಕೊಡಬೇಕು. ಇಲ್ಲದಿದ್ದರೆ ಅದು ಸಹಜ ಸಾವು. ಯೂನಿಯನ್ನಿನವರು ಅಹಲ್ಯಾರನ್ನು ಸಾಕ್ಷಿಯಾಗಿ ಕರೆದರು. ಆದರ್ಶ್ "ಆಂಟಿ, ಕ್ಲೈಂಟ್ ಹೋಗ್ಬಿಡ್ತಾನೆ, ಪ್ಲೀಸ್" ಎಂದು ಬೇಡಿದ. ಅವರು ರಾಜೀನಾಮೆಯ ಪತ್ರ ಅವನ ಮೇಜಿನ ಮೇಲಿಟ್ಟು ಬಂದರು.

ವಿಚಾರಣೆಗೆ ಮೂರು ವಾರ ಇತ್ತು. ಅಷ್ಟೂ ದಿನ ಅಹಲ್ಯಾ ಲೆಕ್ಕ ಹಾಕಿದರು. ಸುತ್ತಲಿನ ಮೂರು ಕೇಂದ್ರಗಳ ಅಂಕಿ ತರಿಸಿದರು. ನೀರು ಬಿಟ್ಟ ದಿನಗಳನ್ನೂ ಬಿಡದ ದಿನಗಳನ್ನೂ ಹೋಲಿಸಿದರು. ಎಷ್ಟೇ ತಿರುವಿ ಹಾಕಿದರೂ ಉತ್ತರ ಒಂದೇ ಬರುತ್ತಿತ್ತು. ನೀರಿನಿಂದ ತಾಪ ಇಳಿದದ್ದು ಅರ್ಧ ಡಿಗ್ರಿಯಿಂದ ಒಂದೂವರೆ ಡಿಗ್ರಿ. ಅಂದರೆ ಆ ದಿನದ ನಿಜವಾದ ತಾಪ ನಲವತ್ನಾಲ್ಕು ಪಾಯಿಂಟ್ ಏಳೂ ಇರಬಹುದು, ನಲವತ್ತೈದು ಪಾಯಿಂಟ್ ಏಳೂ ಇರಬಹುದು.

"ಹೌದು, ದಾಟಿತ್ತು ಅಂದುಬಿಡು" ಎಂದರು ಅನಂತಮೂರ್ತಿ. "ಈಗ ಯಾರು ಅಳೆಯೋಕೆ ಹೋಗ್ತಾರೆ?"

ಹಾಗೆಯೇ ಹೇಳಬೇಕೆಂದು ಅಹಲ್ಯಾ ಕೂಡ ಮನಸ್ಸು ಮಾಡಿದ್ದರು. ವಿಚಾರಣೆಯ ದಿನ ಬೆಳಿಗ್ಗೆ ಕ್ಯಾಬಿನಲ್ಲಿ ನೋಯ್ಡಾದಿಂದ ಮಾನೇಸರ್‌ವರೆಗೆ, ಎರಡು ಗಂಟೆ, ಬಾಯೊಳಗೇ ಹೇಳಿಕೊಂಡರು. ದಾಟಿತ್ತು. ಖಂಡಿತ ದಾಟಿತ್ತು. ದಾಟಿತ್ತು.

ಸಭೆಯ ಕೋಣೆಯಲ್ಲಿ ಏಸಿ ಗುಂಯ್ಗುಡುತ್ತಿತ್ತು. ಹಿಂದಿನ ಸಾಲಿನ ತುದಿಯ ಕುರ್ಚಿಯಲ್ಲಿ ಫೂಲ್‌ಮತಿ, ಚಳಿಗೆ ಸೆರಗು ಹೊದ್ದು, ಮಡಿಲಲ್ಲಿ ಗಂಡನ ಗುರುತಿನ ಚೀಟಿ ಹಿಡಿದು ಕೂತಿದ್ದಳು. ಮಹಂತೇಶ್ ಎದ್ದು ಬಂದು ಅಹಲ್ಯಾಗೆ ಕುರ್ಚಿ ಎಳೆದುಕೊಟ್ಟ. "ನೀರು ಕುಡೀರಿ ಅಕ್ಕಾರ" ಎಂದು ಲೋಟ ಮುಂದೆ ಸರಿಸಿದ.

ವಕೀಲ ಚಿಕ್ಕ ವಯಸ್ಸಿನವನು, ಬಹಳ ಮರ್ಯಾದೆಯಿಂದ ಮಾತಾಡಿದ. "ಈ ವರದಿ ನಿಮ್ಮದೇ?"

"ನನ್ನದೇ."

"ಜಾಗ ಮೊದಲ ದರ್ಜೆ ಎಂದು ಬರೆದಿದ್ದೀರಿ."

"ಆಗ ನೀರು ಬಿಡುತ್ತಿರಲಿಲ್ಲ."

"ಹುಲ್ಲಿಗೆ ನೀರು ಬಿಡಬಾರದೆಂದು ವರದಿಯಲ್ಲಿ ಎಲ್ಲಾದರೂ ಇದೆಯೇ?"

"ಇಲ್ಲ. ಆದರೆ ಸುತ್ತಲಿನ ನೆಲ ಹೇಗಿದೆಯೋ ಯಂತ್ರದ ಕೆಳಗೂ ಹಾಗೇ ಇರಬೇಕು ಅನ್ನೋದು ನಿಯಮ. ಜೂನ್ ತಿಂಗಳಲ್ಲಿ ಮಾನೇಸರ್‌ನ ನೆಲ ಒದ್ದೆಯಾಗಿರೋದಿಲ್ಲ."

"ಅದನ್ನು ನೀವು ವರದಿಯಲ್ಲಿ ಬರೆಯಲಿಲ್ಲ."

"ಬರೆಯಲಿಲ್ಲ."

ನ್ಯಾಯಾಧೀಶರು ಗಂಟಲು ಸರಿಮಾಡಿಕೊಂಡರು. "ಡಾಕ್ಟರ್ ಅಹಲ್ಯಾ, ನೀವು ಜಿನೀವಾದಲ್ಲಿ ಕೂತು ನಿಯಮ ಬರೆದವರು. ನಿಮಗಿಂತ ಚೆನ್ನಾಗಿ ಹೇಳುವವರು ಈ ದೇಶದಲ್ಲಿ ಇಲ್ಲ. ನೀವು ಹೇಳಿದ್ದನ್ನು ನಾನು ಒಪ್ಪುತ್ತೇನೆ. ನೀರು ಬಿಡದಿದ್ದರೆ ಆ ದಿನ ನಲವತ್ತೈದು ಮುಟ್ಟುತ್ತಿತ್ತೇ?"

ಕೋಣೆಯಲ್ಲಿದ್ದವರೆಲ್ಲ ಅಹಲ್ಯಾ ಕಡೆ ತಿರುಗಿದರು. ಯೂನಿಯನ್ನಿನ ಇಬ್ಬರೂ ಮುಂದಕ್ಕೆ ಬಾಗಿದರು. ಬೆಳಗಿನಿಂದ ಉರುಹೊಡೆದ ಮಾತು ನಾಲಿಗೆಯ ಮೇಲೇ ಇತ್ತು. ಅಹಲ್ಯಾ ಬಾಯಿ ತೆರೆದರು. ಆ ಶಬ್ದ ಹೊರಡಲಿಲ್ಲ. ಅವರ ಕಣ್ಣ ಮುಂದೆ ಬರೀ ಲೆಕ್ಕದ ಹಾಳೆ, ಅದರ ಎರಡು ಅಂಕಿಗಳು, ಅವುಗಳ ನಡುವಿನ ಜಾಗ.

"ಬಹುಶಃ" ಎಂದರು. "ಹತ್ತರಲ್ಲಿ ಏಳು ಪಾಲು ಮುಟ್ಟುತ್ತಿತ್ತು."

"ಉಳಿದ ಮೂರು ಪಾಲು?" ವಕೀಲ ಮೆತ್ತಗೆ ಕೇಳಿದ.

"ಮುಟ್ಟಿರಲಿಕ್ಕಿಲ್ಲ."

"ಹಾಗಾದರೆ ಖಚಿತವಾಗಿ ಗೊತ್ತಿಲ್ಲ ಎನ್ನಬಹುದೇ ಮೇಡಂ?"

ಅಹಲ್ಯಾ ಹಿಂದಿನ ಸಾಲಿನತ್ತ ನೋಡಲು ಹೋಗಿ, ನೋಡದೆ ಮೇಜಿನ ಮೇಲಿನ ಲೋಟ ನೋಡಿದರು.

"ಖಚಿತವಾಗಿ ಗೊತ್ತಿಲ್ಲ."

ವಕೀಲ ಧನ್ಯವಾದ ಹೇಳಿ ಕೂತ. ಸಮಿತಿಯ ತೀರ್ಮಾನ ಬರೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಹಜ ಸಾವು.

ಹೊರಗೆ ಮಳೆ ಬರುವ ಮುಂಚಿನ ಸೆಕೆ. ಗೇಟಿನ ಬಳಿ ಫೂಲ್‌ಮತಿ ಆಟೋಗೆ ಕಾಯುತ್ತ ನಿಂತಿದ್ದಳು. ಅಹಲ್ಯಾ ಹತ್ತಿರ ಹೋದರು. ಕೈ ಹಿಡಿಯಲು ನೋಡಿದರು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಒಳಗಿನ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆದಿತ್ತು. ಯೂನಿಯನ್ನಿನವರು ಅವಳಿಗೆ ತಿಳಿಸಿ ಹೇಳಿದ್ದರು.

"ಮೇಡಂ ಜೀ, ನೀವು ಒಳಗೆ ಹೇಳಿದ್ದು ನಿಜವೇ?"

"ನಿಜ."

"ಅಷ್ಟು ಹೇಳೋಕೆ ನೋಯ್ಡಾದಿಂದ ಬಂದ್ರಾ?"

ಆಟೋ ಬಂತು. ಅವಳು ಹತ್ತಿ ಕೂತಳು. ಆಮೇಲೆ ತಲೆ ಹೊರಹಾಕಿ, ಜಗಳದ ದನಿಯಿಲ್ಲದೆ, ತಿಳಿದುಕೊಳ್ಳುವವಳಂತೆ ಕೇಳಿದಳು: "ನನ್ನ ಗಂಡನ ಹೆಸರನ್ನ ಅವರಿಗೆ ಕೊಡುವಾಗ ನಿಮಗೆ ಖಚಿತವಾಗಿ ಗೊತ್ತಿತ್ತಲ್ಲ?"

ಆಟೋ ಹೋಯಿತು.

ಫೂಲ್‌ಮತಿ ಆ ತಿಂಗಳೇ ಕೋಣೆ ಬಿಟ್ಟು ಊರಿಗೆ ಹೋದಳು. ಅಹಲ್ಯಾ ಕಳಿಸಿದ ಹಣದ ಕವರು ವಿಳಾಸದಾರರು ಇಲ್ಲ ಎಂಬ ಬರಹದೊಂದಿಗೆ ಮರಳಿ ಬಂತು. ಯಂತ್ರ ಹುಲ್ಲುಹಾಸಿನಲ್ಲೇ ಉಳಿಯಿತು. ಅವರ ವರದಿಗೆ ಮೂರು ವರ್ಷದ ಮಾನ್ಯತೆ ಇದೆ. ಬಿಳಿ ಪೆಟ್ಟಿಗೆಯ ಪಕ್ಕ ಹಿತ್ತಾಳೆಯ ಫಲಕವೊಂದನ್ನು ನೆಟ್ಟಿದ್ದಾರೆ, ಅದರಲ್ಲಿ 'ಪ್ರಮಾಣೀಕರಿಸಿದವರು' ಎಂಬ ಸಾಲಿನ ಮುಂದೆ ಅಹಲ್ಯಾ ಹೆಸರು, ಪದವಿ, ಜಿನೀವಾದ ಸಮಿತಿಯ ಉಲ್ಲೇಖ ಎಲ್ಲ ಇದೆ ಎಂದು ಯಾರೋ ಹೇಳಿದಾಗ ಅವರು ಮಹಂತೇಶ್‌ಗೆ ಫೋನ್ ಮಾಡಿ ಅದನ್ನು ಕೀಳಿಸಿ ಎಂದರು. ಮೊದಲು ಆಜ್ಞೆಯಂತೆ ಹೇಳಿದರು. ಆಮೇಲೆ ಬೇಡಿಕೊಂಡರು.

"ಬಿಡ್ರಿ ಅಕ್ಕಾರ" ಎಂದ ಅವನು ಅದೇ ಅಕ್ಕರೆಯಿಂದ. "ನಿಮ್ಮ ಹೆಸರು ನೋಡಿದರೇ ಜನಕ್ಕೆ ಒಂದು ನಂಬಿಕೆ. ಸುಳ್ಳು ಬರೆಯೋರಲ್ಲ ಅಂತ ಎಲ್ಲರಿಗೂ ಗೊತ್ತು. ದಸರಾಕ್ಕೆ ಮನೆಗೆ ಬರ್ರಿ, ಹೋಳಿಗೆ ಮಾಡಿಸ್ತೀನಿ."

ಮರುವರ್ಷದ ಬೇಸಿಗೆಯಲ್ಲಿ ಕಾರ್ಖಾನೆ ಹೊಸ ವ್ಯವಸ್ಥೆ ಮಾಡಿತು. ಪ್ರತಿ ದಿನ ಮಧ್ಯಾಹ್ನ ಮೂರು ಗಂಟೆಗೆ ಅಂದಿನ ಗರಿಷ್ಠ ತಾಪದ ಸಂದೇಶ ಸಂಬಂಧಪಟ್ಟವರ ಫೋನಿಗೆ ತಾನಾಗಿ ಹೋಗುತ್ತದೆ. ಪ್ರಮಾಣೀಕರಿಸಿದವರ ನಂಬರೂ ಆ ಪಟ್ಟಿಯಲ್ಲಿದೆ. ನಲವತ್ಮೂರು ಪಾಯಿಂಟ್ ಎಂಟು. ನಲವತ್ನಾಲ್ಕು ಪಾಯಿಂಟ್ ಮೂರು. ನಲವತ್ನಾಲ್ಕು ಪಾಯಿಂಟ್ ಆರು. ನಂಬರನ್ನು ತೆಗೆಸಿಹಾಕು ಎಂದು ಅನಂತಮೂರ್ತಿ ಎಷ್ಟೋ ಸಲ ಹೇಳಿದರು. ಅಹಲ್ಯಾ ತೆಗೆಸಿಲ್ಲ. ಊಟ ಮುಗಿಸಿ ಗಂಡ ಮಲಗಿದ ಮೇಲೆ ಬಾಲ್ಕನಿಯ ಬಿಸಿಲಿನಲ್ಲಿ ಚಪ್ಪಲಿಯಿಲ್ಲದೆ ನಿಂತು, ಪಾದ ಸುಡುವಷ್ಟು ಹೊತ್ತು, ಮೂರು ಗಂಟೆಯ ಸಂದೇಶಕ್ಕೆ ಕಾಯುತ್ತಾರೆ.